ಜಾರಾ ಮರದ ಕೆಂಪು ನೀರು

ಹೆದರುವುದಕ್ಕೆ ನನಗೆ ಕಾರಣ ಬೇಕಾಗಿಲ್ಲ. ಮೊದಲು ಹೆದರಿ, ಆಮೇಲೆ ನಿಧಾನವಾಗಿ ಕಾರಣ ಹುಡುಕುವವನು ನಾನು. ಸೌದಿಯ ದಮ್ಮಾಮಿನ ಮರದ ವ್ಯಾಪಾರದ ಕಂಪನಿಯೊಂದರಲ್ಲಿ ಇಷ್ಟು ವರ್ಷ ಕಳೆದ ಮೇಲೂ, ವೀಸಾ ಕೊಟ್ಟ ಯಜಮಾನರಾದ ಕಫೀಲರ ಫೋನು ಬಂದರೆ, ಇಲ್ಲಿರಲು ಪರವಾನಗಿಯಾದ ಇಕಾಮಾ ಕಾರ್ಡು ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೇ ಎತ್ತುತ್ತೇನೆ. ಇಂಥವನಿಗೆ ಆಸ್ಟ್ರೇಲಿಯಾದ ಜಾರಾ ಮರ ಗಂಟುಬಿದ್ದಿತು.

ಅಲ್ ಖೋಬರಿನಲ್ಲಿ ಕಫೀಲರ ಸ್ವಂತ ಮನೆಯ ಈಜುಕೊಳದ ಸುತ್ತ ಹಲಗೆ ಹಾಸುವ ಕೆಲಸ. ಜಾರಾ ಗೆದ್ದಲಿಗೆ ಬಗ್ಗುವುದಿಲ್ಲ, ಉಪ್ಪುಗಾಳಿಗೆ ಜಗ್ಗುವುದಿಲ್ಲ. ತೂತು ಕೊರೆಯದೆ ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ. ಆ ಸ್ವಭಾವದಲ್ಲಿ ಸ್ವಲ್ಪವನ್ನು ದೇವರು ನನಗೆ ಕೊಟ್ಟಿದ್ದರೆ ಮರಕ್ಕೇನೂ ನಷ್ಟವಿರಲಿಲ್ಲ. ಹಲಗೆ ಹಾಸಿ ಮುಗಿದ ಮರುದಿನ ಮರಳುಗಾಳಿ ಎದ್ದಿತು. ಸಂಜೆ ಕಫೀಲರು ಕೆಲಸ ನೋಡಲು ಬರುವವರಿದ್ದರು. ನಮ್ಮ ಮಂಗಳೂರಿನ ಕಡೆಯವರಿಗೆ ಧೂಳು ಕಂಡರೆ ಪೊರಕೆ ನೆನಪಾಗುವುದಿಲ್ಲ, ನೀರು ನೆನಪಾಗುತ್ತದೆ. ಇದು ಮರಳುಗಾಡು ಎನ್ನುವುದನ್ನೂ ಮರೆತು, ಪೈಪು ಹಿಡಿದು ಮನಸಾರೆ ತೊಳೆದೆ. ಸ್ವಲ್ಪ ಹೊತ್ತಿಗೆ ಹಲಗೆಗಳ ಸಂದಿಯಿಂದ ಕೆಂಪು ನೀರು ಇಳಿದು ಬಿಳಿ ಟೈಲ್ಸಿನ ಮೇಲೆ ಹರಡಿತು. ಕುರಿ ಕೊಯ್ದ ಜಾಗದಂತೆ ಕಂಡಿತು.

ನಮ್ಮ ಬಡಗಿ, ಉಪ್ಪಿನಂಗಡಿಯ ಇದಿನಬ್ಬ, ಚಹಾದ ಲೋಟ ಹಿಡಿದು ಬಂದ.

"ಎಂತ ಸಾಹೇಬ್ರೆ, ಇಲ್ಲಿಗೂ ಮಳೆಗಾಲದ ನೇತ್ರಾವತಿ ತಂದ್ರಾ?"

"ತಮಾಷೆ ಬೇಡ ಮಾರಾಯ, ನನ್ನ ಕೆಲಸ ಹೋಯ್ತು!"

"ಇದು ಮರದ ಚೊಗರು. ಎಣ್ಣೆ ಕೊಡುವ ಮೊದಲು ನೀರು ತಾಗಿದ್ರೆ ಹೀಗೇ ಬಿಡ್ತದೆ. ಆಸಿಡ್ ಪುಡಿ ಹಾಕಿ ಉಜ್ಜುವ, ಹೋಗ್ತದೆ."

"ಪೂರ್ತಿ ಹೋಗ್ತದಾ?"

"ಅದು ಉಜ್ಜಿದ ಮೇಲೆ ಗೊತ್ತಾಗುದು."

ನನಗೆ ಅಷ್ಟು ಸಾಕಾಯಿತು. ಹೆಂಡತಿ ಮರ್ಸಿಗೆ ಫೋನು ಮಾಡಿ, ಊರಿಗೆ ವಾಪಸು ಹೊರಡಬೇಕಾದರೆ ಮಗಳ ಇಲ್ಲಿನ ಶಾಲೆಯಿಂದ ಟಿ.ಸಿ. ತರಲು ಏನೇನು ಕಾಗದ ಬೇಕೆಂದು ಕೇಳಿದೆ. "ಪುನಃ ಶುರುವಾಯ್ತಾ ನಿಮ್ದು? ಮೊದಲು ಊಟ ಮಾಡಿ" ಎಂದು ಇಟ್ಟುಬಿಟ್ಟಳು.

ಮೊಣಕಾಲೂರಿ ಉಜ್ಜಿದೆವು. ಅರ್ಧ ಕಲೆ ಹೋಗುವಷ್ಟರಲ್ಲಿ ಕಫೀಲರ ಕಾರು ಬಂದೇಬಿಟ್ಟಿತು.

"ತೊಳೆದದ್ದು ಯಾರು?"

ಇದಿನಬ್ಬ ಒಂದಿಷ್ಟೂ ಯೋಚಿಸದೆ ನನ್ನತ್ತ ಬೆರಳು ತೋರಿಸಿದ. ನಾನು ಜೇಬಿನ ಇಕಾಮಾ ಮುಟ್ಟಿ ನೋಡಿಕೊಂಡೆ.

ಕಫೀಲರು ಬೆನ್ನು ತಟ್ಟಿದರು! ಅವರ ತಮ್ಮನ ಮನೆಯಲ್ಲಿ ಚೊಗರು ತೊಳೆಯದೆ ಹಾಗೇ ಬಿಟ್ಟ ಹಲಗೆ ಒದ್ದೆಯಾಗಿ, ಅದರ ಮೇಲೆ ಕೂತ ಅತಿಥಿಗಳ ಬಿಳಿ ನಿಲುವಂಗಿ ಥೋಬುಗಳೆಲ್ಲ ಹಿಂಬದಿಯಲ್ಲಿ ಕೆಂಪಾಗಿದ್ದವಂತೆ. "ನೀನು ಚೊಗರು ಮೊದಲೇ ತೆಗೆಸಿದೆ. ನಿನಗೆ ಮರ ಗೊತ್ತು. ಯಾನ್ಬು ಬಂದರಿನ ಜೆಟ್ಟಿಯ ಕೆಲಸವನ್ನೂ ನೀನೇ ನೋಡು" ಎಂದರು.

ಯಾನ್ಬುವಿಗೆ ಬರುವುದು ಬೇರೆ ಯಾವುದೋ ಮರ. ಅದರ ಹೆಸರನ್ನೂ ನಾನು ಕೇಳಿಲ್ಲ. ನಿಜ ಹೇಳಿಬಿಡೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಹೊರಬಿದ್ದದ್ದು "ಶುಕ್ರನ್, ಶುಕ್ರನ್" ಎಂಬ ಧನ್ಯವಾದ ಮಾತ್ರ.