ಪತ್ರೊಡೆಯೂ ಪಾದೆಕಲ್ಲೂ

ಸುತ್ತಿಗೆ ಹಿಡಿದು ಬಂಡೆಗಳ ಮುಂದೆ ಕೂರುವವನು ಮರ್ಯಾದೆ ಹೋಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಐವತ್ತರ ದಶಕದ ಕೊನೆಗೆ ನಾನು ಮದ್ರಾಸಿನಲ್ಲಿ ಭೂವಿಜ್ಞಾನ ಓದಿ, ಸರ್ಕಾರಿ ಕೆಲಸ ಹಿಡಿದು, ನಮ್ಮದೇ ಕಡೆಯ ಪಾದೆಕಲ್ಲುಗಳ, ಅಂದರೆ ಬಂಡೆಗಳ, ನಕ್ಷೆ ಮಾಡಲು ಪಾಣೆಮಂಗಳೂರಿನ ಮನೆಗೆ ಮರಳಿದ್ದೆ. ಈ ಬಂಡೆಗಳೇನು ಸಾಮಾನ್ಯದವಲ್ಲ. ಎಂದೋ ಎದ್ದು ಸವೆದುಹೋದ ಬೆಟ್ಟಸಾಲಿನ ಬುಡ ಅವು. ಭೂಮಿಯ ಆಳದಲ್ಲಿ ಬೆಂದು, ಹಿಂಡಿಸಿಕೊಂಡು, ಅಲ್ಲಲ್ಲಿ ಕರಗಿ ಮೇಲೆ ಬಂದವು. ಇದನ್ನು ವಿವರಿಸಿದರೆ ಅಮ್ಮನದು ಒಂದೇ ಮಾತು: "ಅದೆಲ್ಲ ಇರ್ಲಿ ಮಗಾ. ಕಲ್ಲು ಒಡೆಯುವವನಿಗೆ ಹೆಣ್ಣು ಯಾರು ಕೊಡ್ತಾರೆ?"

ಆಗಲೇ ಒಂದು ಕಡೆ ಜಾತಕ ಹೋಗಿ, ಹೋದ ಹಾಗೆಯೇ ಮರಳಿತ್ತು. ನನಗೂ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ಸರಿದ ಕಲ್ಲು

ಬಂಟ್ವಾಳದ ಹತ್ತಿರ ಒಂದು ಗದ್ದೆಯ ಅಂಚಿನಲ್ಲಿ ಪಟ್ಟೆಪಟ್ಟೆಯ ಚಂದದ ಬಂಡೆ ಸಿಕ್ಕಿತು. ನಾನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಗದ್ದೆಯ ಯಜಮಾನರು ಬಂದರು.

"ಎಂತ ನೋಡುವುದು?"

"ಈ ಕಲ್ಲು ಮೊದಲು ಇಲ್ಲಿ ಇದ್ದದ್ದಲ್ಲ. ತುಂಬ ಸರಿದಿದೆ."

ಅವರ ಮುಖ ಬಿಳುಚಿತು. "ಸರ್ಕಾರಕ್ಕೆ ಗೊತ್ತಾಯ್ತಾ?"

"ಅದಕ್ಕೇ ಅಲ್ವಾ ನನ್ನನ್ನು ಕಳಿಸಿದ್ದು?"

"ಅಯ್ಯೋ ಸ್ವಾಮೀ, ಸರಿಸಿದ್ದು ನಾನಲ್ಲ. ನನ್ನ ಅಪ್ಪ. ಅದೂ ಎರಡೇ ಮೊಳ!"

ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆಯೇ ಒಂದು ಗಡಿಕಲ್ಲು. ನಾನು ಗಾಬರಿಯಿಂದ ಬಂಡೆಯನ್ನು ತೋರಿಸಿ, ಹೇಳಿದ್ದು ಇದರ ವಿಷಯ, ಸರಿದು ಕೋಟಿಗಟ್ಟಲೆ ವರ್ಷ ಆಯಿತು ಎಂದೆ. ಅವರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಮುಖ ಅರಳಿತು.

"ಹಾಗಾದ್ರೆ ಕೇಸಿನ ವಾಯಿದೆ ಮುಗೀತಲ್ಲ! ಬನ್ನಿ, ಎಳೆ ಬೊಂಡ ಕುಡಿಯುವ."

ಬಸ್ಸಿಗೆ ಆದ ಉಪಕಾರ

ಬೆಳ್ತಂಗಡಿಯ ಕಡೆ ತಿರುಗಿ ತಿರುಗಿ ಕೊನೆಗೊಂದು ಅಪರೂಪದ ಕಲ್ಲು ಸಂಪಾದಿಸಿದೆ. ಮೈತುಂಬ ಕೆಂಪು ಹರಳು. ಅಂಥ ಹರಳು ಹುಟ್ಟಬೇಕಾದರೆ ಕಲ್ಲು ಎಷ್ಟು ಆಳದಲ್ಲಿ ಎಷ್ಟು ಒತ್ತಡ ತಿಂದಿರಬೇಕು! ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೂಡುಬಿದಿರೆಯ ಬಸ್ಸು ಹತ್ತಿದೆ.

"ಮೂಡುಬಿದಿರೆಯಲ್ಲಿ ಕಲ್ಲಿಲ್ವಾ ಮಾರಾಯ್ರೆ?" ಎಂದು ಕಂಡಕ್ಟರು ನಕ್ಕು, ಅದನ್ನು ಬಾಗಿಲ ಬಳಿ ಇಡಿಸಿದ.

ವೇಣೂರು ದಾಟಿ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಎಲ್ಲರೂ ದಡಬಡ ಇಳಿದೆವು. ಸ್ವಲ್ಪ ಹೊತ್ತಿಗೆ ಎಂಜಿನು ಗುರ್ ಎಂದಿತು, ಎಲ್ಲರೂ ಹತ್ತಿದೆವು, ಬಸ್ಸು ಏರು ಮುಗಿಸಿತು. ಆಗ ನೋಡುತ್ತೇನೆ, ಕಲ್ಲಿಲ್ಲ!

"ಚಕ್ರಕ್ಕೆ ಅಡೆ ಕೊಟ್ಟದ್ದು ಅದನ್ನೇ ಅಲ್ವಾ?" ಎಂದ ಕಂಡಕ್ಟರು. ಬಸ್ಸು ನಿಲ್ಲಿಸಿ ಎಂದು ನಾನು ಕೂಗಾಡಿದೆ. ಅವನು ಸಮಾಧಾನ ಹೇಳಿದ: "ಬೇಜಾರು ಮಾಡ್ಬೇಡಿ. ಅಂತೂ ನಿಮ್ಮ ಕಲ್ಲಿನಿಂದ ಊರಿಗೊಂದು ಉಪಕಾರ ಆಯ್ತಲ್ಲ!"

ಅಮ್ಮ ಆಗಷ್ಟೇ ಮಾತು ಎತ್ತಿದ್ದ ಹುಡುಗಿಯ ಚಿಕ್ಕಪ್ಪ ಅದೇ ಬಸ್ಸಿನಲ್ಲಿದ್ದರಂತೆ. ಎರಡನೆಯ ಜಾತಕವೂ ಮನೆಗೆ ಮರಳಿತು.

ಹೆಣ್ಣು ನೋಡುವ ಶಾಸ್ತ್ರ

ಶುಭಕಾರ್ಯಕ್ಕೆ ಆಗದ ಆಟಿ ತಿಂಗಳು ಕಳೆಯುವುದನ್ನೇ ಕಾಯುತ್ತಿದ್ದ ನನ್ನ ಸೋದರಮಾವ, ಕಳೆದ ಕೂಡಲೇ ಮೂರನೆಯ ಹುಡುಗಿಯನ್ನು ನೋಡಲು ನನ್ನನ್ನು ಮೂಡುಬಿದಿರೆಗೆ ಹೊರಡಿಸಿದರು. "ಇದು ತಪ್ಪಿದ್ರೆ ಇನ್ನು ನಾನು ಯಾರ ಮನೆಗೂ ಹೋಗುವುದಿಲ್ಲ. ಕಲ್ಲಿನ ಸುದ್ದಿ ಎತ್ಬೇಡ," ಎಂದು ದಾರಿಯುದ್ದಕ್ಕೂ ಬೋಧನೆ. ಆಯಿತು ಎಂದೆ. ಆದರೆ ಅಭ್ಯಾಸಬಲದಿಂದ ಹೆಗಲಿಗೇರಿಸಿದ್ದ ಚೀಲದಿಂದ ಸುತ್ತಿಗೆಯ ಹಿಡಿ ಇಣುಕುತ್ತಿದ್ದುದು ಇಬ್ಬರಿಗೂ ಕಾಣಲಿಲ್ಲ.

ಹುಡುಗಿ ಬಂದಳು, ತಟ್ಟೆ ಇಟ್ಟಳು, ಒಳಗೆ ಹೋದಳು. ತಟ್ಟೆಯಲ್ಲಿ ಪತ್ರೊಡೆ. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಆವಿಯಲ್ಲಿ ಬೇಯಿಸಿ ಅಡ್ಡಕ್ಕೆ ಕೊಯ್ದ ಹೋಳುಗಳು. ಹಸುರು ಪದರ, ಕೆಂಪು ಪದರ, ಸುತ್ತಿನ ಒಳಗೆ ಸುತ್ತು. ನನ್ನ ಕೈ ತಾನಾಗಿಯೇ ಕಿಸೆಗೆ ಹೋಗಿ ಭೂತಗನ್ನಡಿ ತೆಗೆಯಿತು.

ಹುಡುಗಿಯ ತಂದೆ ಕಂಗಾಲಾದರು. "ಹುಳ ಉಂಟಾ?"

"ಛೆ ಛೆ! ಇದು ಥೇಟ್ ನಮ್ಮ ಪಾದೆಕಲ್ಲು!"

ಒಳಗೆ ಸೌಟು ಬಿದ್ದ ಸದ್ದಾಯಿತು. ಮಾವ ನನ್ನ ಕಾಲು ತುಳಿದರು. ನನಗೆ ಎಲ್ಲಿಯ ಪರಿವೆ!

"ನೋಡಿ, ಎರಡು ದೊಡ್ಡ ನೆಲಗಳು ಎದುರುಬದುರು ಬಂದು ಒತ್ತಿದರೆ ಕಲ್ಲಿನ ಪದರ ಹೀಗೇ ಮಡಚುತ್ತದೆ. ಹಿಮಾಲಯದ ಹೊಟ್ಟೆಯಲ್ಲೂ ಹೀಗೆ ಆಗ್ತಾ ಇರಬಹುದು. ಆಳದ ಬಿಸಿಗೆ ಕಲ್ಲು ಕರಗದೆಯೇ ಬೇಯುತ್ತದೆ. ಬೆಂದು ಬೇರೆಯೇ ಕಲ್ಲಾಗುತ್ತದೆ. ಬಿಸಿ ಇನ್ನೂ ಏರಿದರೆ ಬೇಗ ಕರಗುವಂಥದ್ದು ಮಾತ್ರ ಕರಗಿ, ಬೆಲ್ಲದ ಪಾಕದ ಹಾಗೆ ಸಂದಿಗೆ ಇಳಿಯುತ್ತದೆ."

ಹುಡುಗಿಯ ತಂದೆ ಬಗ್ಗಿ ತಟ್ಟೆಯನ್ನು ನೋಡಿದರು. "ಅಂದ್ರೆ ಪತ್ರೊಡೆ ಗಟ್ಟಿಯಾಗಿದೆ ಅಂತ ಹೇಳುವುದಾ ನೀವು?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹುಡುಗಿಯ ಧ್ವನಿ ಬಂತು: "ಅಪ್ಪಾ, ಅವರ ಚೀಲದಲ್ಲಿ ಸುತ್ತಿಗೆ ಉಂಟಲ್ಲ. ಒಡೆದು ತಿನ್ಲಿ!"

ನನಗೆ ಹುಡುಗಿ ಒಪ್ಪಿಗೆಯಾದದ್ದು ಆ ಕ್ಷಣದಲ್ಲೇ. ಪತ್ರೊಡೆ ಬೆಣ್ಣೆಯಂತಿತ್ತು, ತಟ್ಟೆ ಖಾಲಿ ಮಾಡಿದೆ. ಆದರೆ ಯಾರೂ ನಗಲಿಲ್ಲ. ವಾಪಸು ಬರುವಾಗ ಮಾವ ಬಸ್ಸಿನಲ್ಲಿ ಬೇರೆ ಸೀಟು ಹುಡುಕಿಕೊಂಡರು. ನಾನು ಕಿಟಕಿಯ ಹೊರಗೆ ಒಂದು ಬಂಡೆಯನ್ನೂ ನೋಡದೆ ಊರು ಮುಟ್ಟಿದೆ.

ಕೆಲವು ದಿನ ಕಳೆದು ಮಾವ ನಗುತ್ತ ಬಂದರು. "ಹುಡುಗಿಗೆ ಒಪ್ಪಿಗೆ ಉಂಟಂತೆ ಮಾರಾಯ! ಅವಳ ಅಮ್ಮನದ್ದು ಒಂದೇ ಷರತ್ತು. ಅಂಗಳದಲ್ಲಿ ಅವರ ಅಜ್ಜಿಯ ಕಾಲದ್ದು, ಹಿಟ್ಟು ಕಡೆಯುವ ಕಲ್ಲು ಉಂಟಲ್ಲ, ಅದಕ್ಕೆ ಮಾತ್ರ ನೀನು ಪೆಟ್ಟು ಹಾಕಬಾರದಂತೆ."

ಸಂತೋಷದಿಂದ ಒಪ್ಪಿದೆ. ಆ ಕಲ್ಲನ್ನು ಅಂಗಳಕ್ಕೆ ಕಾಲಿಡುವಾಗಲೇ ನೋಡಿದ್ದೆ. ಸಾದಾ ಗ್ರಾನೈಟು, ಹುಡುಕಿದರೂ ಪದರದ ಒಂದು ಮಡಿಕೆ ಇರಲಿಲ್ಲ.