ಹನ್ನೊಂದನೆಯ ಡೋಸು

ಮಾನ್ವಿಯ ದುರುಗಮ್ಮ ಅಜ್ಜಿಯಾಗಿದ್ದಳು. ಆದರೆ ಅವಳಿಗೆ ನಲವತ್ತೈದು ತುಂಬಿರಲಿಲ್ಲ. ಈ ಎರಡೂ ಸಂಗತಿಗಳು ಸರ್ಕಾರಿ ದಾಖಲೆಗಳಿಂದ ದೃಢಪಟ್ಟಿದ್ದವು. ಮೊದಲನೆಯದಕ್ಕೆ ಮೊಮ್ಮಗನ ಜನನ ಪ್ರಮಾಣಪತ್ರವಿತ್ತು. ಎರಡನೆಯದಕ್ಕೆ ಆಧಾರ್ ಕಾರ್ಡಿತ್ತು. ಕಾರ್ಡಿನ ಭಾವಚಿತ್ರದಲ್ಲಿ ಅವಳು ಐವತ್ತೈದರವಳಂತೆ ಕಾಣುತ್ತಿದ್ದಳಾದರೂ ಭಾವಚಿತ್ರವನ್ನು ವಯಸ್ಸಿನ ಪುರಾವೆಯೆಂದು ಪರಿಗಣಿಸಲು ಅವಕಾಶವಿರಲಿಲ್ಲ.

ಅದು ಕೊರೋನಾದ ಎರಡನೇ ಅಲೆ ಎದ್ದ ಬೇಸಿಗೆ. ಲಸಿಕೆ ನಲವತ್ತೈದು ತುಂಬಿದವರಿಗೆ ಮಾತ್ರ ಎಂದು ಆದೇಶವಾಗಿತ್ತು. ದುರುಗಮ್ಮನಿಗೆ ಇನ್ನೂ ಹತ್ತು ತಿಂಗಳು ಕಡಿಮೆ ಬೀಳುತ್ತಿದ್ದವು.

ಸುಮ್ಮನೆ ಮನೆಯಲ್ಲಿ ಕೂತು ಹತ್ತು ತಿಂಗಳು ಕಳೆಯಬಹುದಿತ್ತು. ಆದರೆ ಮಗಳು ಶಶಿಕಲಾ ದೇವದುರ್ಗದ ಗಂಡನ ಮನೆಯಲ್ಲಿ ಹಡೆದಿದ್ದಳು. ಚೊಚ್ಚಲ ಬಾಣಂತನ ತವರಿನ ಹಕ್ಕು. ಅದಕ್ಕೆಂದೇ ದುರುಗಮ್ಮ ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಟ್ಟಿದ್ದಳು. ಅಷ್ಟರಲ್ಲಿ ಬೀಗರಾದ ತಾಯಣ್ಣನವರಿಂದ ಪ್ರಕಟಣೆ ಹೊರಬಿತ್ತು.

ತಾಯಣ್ಣ ಮೂವತ್ತನಾಲ್ಕು ವರ್ಷ ಒಂದು ಕಚೇರಿಯಲ್ಲಿ ದುಡಿದು ಅಧೀಕ್ಷಕರಾಗಿ ನಿವೃತ್ತರಾದವರು. ನಿವೃತ್ತಿಯ ಮರುದಿನದಿಂದ ಅವರು ಮನೆಯನ್ನೂ ಅದೇ ಪ್ರಕಾರ ನಡೆಸಿಕೊಂಡು ಬಂದಿದ್ದರು. ಬಾಗಿಲಿಗೆ ಅಂಟಿಸಿದ ಹಾಳೆಯ ಚಿತ್ರವನ್ನು ಅವರು ದುರುಗಮ್ಮನ ಫೋನಿಗೆ ಕಳಿಸಿದರು. ಪಕ್ಕದ ಮನೆಯ ಮುನವ್ವರ್ ಬೀಯ ಮಗಳು ಓದಿ ಹೇಳಿದಳು: "ಪ್ರಚಲಿತ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಬಾಣಂತನವನ್ನು ದೇವದುರ್ಗದಲ್ಲಿಯೇ ಮುಂದುವರಿಸಲಾಗಿದೆ. ಲಸಿಕೆ ಹಾಕಿಸಿಕೊಳ್ಳದ ಯಾವುದೇ ವ್ಯಕ್ತಿಗೆ, ಬೀಗರನ್ನೂ ಒಳಗೊಂಡಂತೆ, ಹೊಸ್ತಿಲಿನಿಂದ ಒಳಗೆ ಪ್ರವೇಶವಿರುವುದಿಲ್ಲ."

ದುರುಗಮ್ಮನಿಗೆ ಸಿಟ್ಟು ಬರಲಿಲ್ಲ. ಕೂಸಿನ ಒಳ್ಳೆಯದಕ್ಕೇ ಬರೆದದ್ದು, ಬಿಡು ಅಂದುಕೊಂಡಳು. ಫೋನಿನಲ್ಲಿ ಶಶಿಕಲಾ ಕೂಸನ್ನು ತೋರಿಸುತ್ತಿದ್ದಳು. ಸಿಗ್ನಲ್ ಸರಿಯಿಲ್ಲದೆ ಒಂದು ಸಲ ಬರೀ ಕಿವಿ, ಇನ್ನೊಂದು ಸಲ ಬರೀ ಹಿಮ್ಮಡಿ ಕಾಣುತ್ತಿತ್ತು. ಎಂಟು ದಿನದಲ್ಲಿ ಅವಳು ಮೊಮ್ಮಗನನ್ನು ಸುಮಾರು ಅರ್ಧದಷ್ಟು ನೋಡಿದ್ದಳು. ಉಳಿದರ್ಧವನ್ನು ನೋಡುವ ಸಲುವಾಗಿ ಆಧಾರ್ ಕಾರ್ಡು ಹಿಡಿದು ಲಸಿಕಾ ಕೇಂದ್ರಕ್ಕೆ ಹೊರಟಳು.

ಕೇಂದ್ರದಲ್ಲಿ ಶಿವಗಂಗಾ ಸಿಸ್ಟರ್ ಕಾರ್ಡು ನೋಡಿ, "ನಿಮಗಿನ್ನೂ ವಯಸ್ಸಾಗಿಲ್ರಿ" ಅಂದಳು.

"ಮೊಮ್ಮಗ ಹುಟ್ಯಾನ್ರೀ, ಇನ್ನೆಷ್ಟು ವಯಸ್ಸಾಗಬೇಕು?"

"ಅದು ನಿಮ್ಮ ಮನಿ ವಿಷಯ ರೀ. ನಮಗ ಕಾರ್ಡಿನಾಗ ಆಗಬೇಕು."

ಬಿಸಿಲಿತ್ತೆಂದು ದುರುಗಮ್ಮ ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತಳು. ಅಲ್ಲಿ ಆಗಲೇ ಒಂಬತ್ತು ಜನ ಕೂತಿದ್ದರು. ಎಲ್ಲರೂ ಅರ್ಹರು, ಎಲ್ಲರೂ ಬೆಳಗಿನಿಂದ ಕಾಯುತ್ತಿದ್ದವರು. ಕಾರಣ ಗೋಡೆಯ ಮೇಲಿತ್ತು: "ಒಂದು ಸೀಸೆಯಲ್ಲಿ ಹತ್ತು ಡೋಸುಗಳಿರುತ್ತವೆ. ಹತ್ತು ಜನ ಅರ್ಹರು ಏಕಕಾಲಕ್ಕೆ ಹಾಜರಿದ್ದಲ್ಲಿ ಮಾತ್ರ ಸೀಸೆಯನ್ನು ತೆರೆಯತಕ್ಕದ್ದು. ಡೋಸು ವ್ಯರ್ಥವಾದಲ್ಲಿ ಸಿಬ್ಬಂದಿಯೇ ಹೊಣೆ."

ಅಕ್ಕಿ ಗಿರಣಿಯ ಗಡಿಗೆಪ್ಪನವರಿಗೆ ಕೂತು ಕೂತು ಸೊಂಟ ಹಿಡಿದಿತ್ತು. ಅವರು ದುರುಗಮ್ಮನನ್ನು ತೋರಿಸಿ, "ಹತ್ತನೇದಾಕಿ ಇಲ್ಲೇ ಕುಂತಾಳಲ್ರೀ ಸಿಸ್ಟರ್, ತಗೀರಿ ಬಾಟ್ಲಿ" ಅಂದರು.

"ಕುಂತಾರ್ರೀ, ಇಲ್ಲನ್ನಂಗಿಲ್ಲ. ಆದ್ರ ಅರ್ಹರಿಲ್ಲ. ಅರ್ಹರಿಲ್ಲದವರು ನೂರು ಮಂದಿ ಕುಂತ್ರೂ ನಾವು ಸೊನ್ನಿ ಅಂತನ ಬರಕೋತೀವಿ."

ಸಂಜೆ ನಾಲ್ಕಕ್ಕೆ ಒಂಬತ್ತು ಜನ ಅರ್ಹರೂ ಒಬ್ಬಳು ಸೊನ್ನೆಯೂ ಎದ್ದು ಮನೆಗೆ ಹೋದರು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ ಹಾಗೇ. ಊರಿನಲ್ಲಿ ಅರ್ಹರಿಗೇನೂ ಬರವಿರಲಿಲ್ಲ. ಆದರೆ ಅರ್ಹರಲ್ಲಿ ಬಹಳ ಜನರಿಗೆ ಸೂಜಿ ಬೇಡವಾಗಿತ್ತು. ಬೇಕಾದವರಲ್ಲಿ ಬಹಳ ಜನ ಅರ್ಹರಾಗಿರಲಿಲ್ಲ. ಇಲಾಖೆಯ ದೃಷ್ಟಿಯಲ್ಲಿ ಇದು ಸಮತೋಲನದ ಸ್ಥಿತಿ.

ಮೂರನೆಯ ದಿನ ದುರುಗಮ್ಮ ತಡೆಯಲಾರದೆ ಹೇಳಿದಳು: "ಹತ್ತು ಮಂದಿ ಕೂಡಿಸಾಕ ಇಷ್ಟು ಒದ್ದಾಡ್ತೀರೇನ್ರೀ?"

ಅವಳು ಹಾಗೆ ಕೇಳಿದ್ದರಲ್ಲಿ ಅಹಂಕಾರವಿರಲಿಲ್ಲ. ಅವಳ ಕಸುಬೇ ಅದು. ಗದ್ದೆಗೆ ಕಾಲುವೆ ನೀರು ಬಂತೆಂದರೆ, ನಾಟಿ ಹಚ್ಚಲು ಹೊತ್ತು ಮೂಡುವುದರೊಳಗೆ ಮೂವತ್ತು ಹೆಂಗಸರನ್ನು ಎಬ್ಬಿಸಿ, ಎರಡು ಟಂಟಂ ರಿಕ್ಷಾಗಳಲ್ಲಿ ತುಂಬಿ ಗದ್ದೆಗೆ ಮುಟ್ಟಿಸುವವಳು ಅವಳು. ಯಾರ ಮನೆಯಲ್ಲಿ ಏನು ಅಡಚಣೆ, ಯಾರಿಗೆ ಯಾವ ಮಾತು ನಾಟುತ್ತದೆ ಎಂಬುದು ಅವಳಿಗೆ ಬಾಯಿಪಾಠವಿತ್ತು.

ಅವಳು ನೇರವಾಗಿ ಉರುಕುಂದಪ್ಪನ ಮನೆಗೆ ಹೋದಳು. ಎಂಬತ್ತೊಂದು ವರ್ಷದ ಉರುಕುಂದಪ್ಪ ಬಿಳಿ ಕೋಟು ಕಂಡರೆ ಬಣವೆ ಹಿಂದೆ ಅಡಗುತ್ತಿದ್ದ.

"ನಾ ಒಲ್ಲೆವ್ವ" ಅಂದ. "ಅದನ್ನ ಹಾಕಿಸಿಕೊಂಡ್ರ ಎರಡು ವರ್ಷದಾಗ ಸಾಯ್ತಾರಂತ, ಮಂದಿ ಮಾತಾಡಾಕತ್ತಾರ."

ಅದು ಸುಳ್ಳೆಂದು ಹೇಳಲು ಸಿಸ್ಟರ್ ನಾಲ್ಕು ಸಲ ಬಂದುಹೋಗಿದ್ದಳು. ದುರುಗಮ್ಮ ಆ ದಾರಿಗೇ ಹೋಗಲಿಲ್ಲ. "ಯಪ್ಪಾ, ನಿನಗೀಗ ಎಂಬತ್ತೊಂದು. ಎರಡು ವರ್ಷದ ಗ್ಯಾರಂಟಿ ಕೊಡ್ತಾರಂದ್ರ ಬಿಡಬ್ಯಾಡ."

ಉರುಕುಂದಪ್ಪ ರುಮಾಲು ಸುತ್ತಿಕೊಂಡು ಟಂಟಂ ಹತ್ತಿದ.

ಹತ್ತಾಯಿತು. ಸೀಸೆ ತೆರೆಯಿತು. ಗಡಿಗೆಪ್ಪನವರು ತೋಳು ಒತ್ತಿಕೊಳ್ಳುತ್ತ, ಮೂರು ದಿನದಲ್ಲಿ ಮೊದಲ ಸಲ ನಕ್ಕರು. ಹತ್ತನೆಯವನಿಗೂ ಹಾಕಿ ಮುಗಿದ ಮೇಲೆ ಶಿವಗಂಗಾ ಸೀಸೆಯನ್ನು ಬೆಳಕಿಗೆ ಹಿಡಿದಳು. ಬಾಗಿಲಲ್ಲಿ ನಿಂತ ದುರುಗಮ್ಮನಿಗೂ ಕಂಡಿತು.

"ಅದರಾಗ ಇನ್ನೂ ಅದ ನೋಡ್ರಿ."

"ಹೌದ್ರಿ. ತುಂಬೋರು ಒಂದೀಟು ಹೆಚ್ಚಿಗಿ ತುಂಬಿರ್ತಾರ. ಒಮ್ಮೊಮ್ಮೆ ಹನ್ನೊಂದನೇದೂ ಬರ್ತದ."

"ಹಂಗಾರ ನನಗ ಹಾಕ್ರಿ."

"ಹನ್ನೊಂದನೇದು ಅಂಬೋದು ಇಲ್ರಿ" ಅಂದಳು ಶಿವಗಂಗಾ. "ಬಾಟ್ಲಿ ಮ್ಯಾಲ ಹತ್ತು ಅಂತ ಬರದಾರ."

"ಈಗ ಬರ್ತದ ಅಂದ್ರಲ್ಲ?"

"ಬರ್ತದ. ಆದ್ರ ಇಲ್ಲ."

ಶಿವಗಂಗಾ ಕಟುಕಳೇನಲ್ಲ. ಸೀಸೆಯನ್ನು ಕಸದ ಚೀಲಕ್ಕೆ ಹಾಕುವಾಗ ಅವಳ ಕೈಯೂ ಒಂದು ಗಳಿಗೆ ನಿಂತಿತ್ತು. ಅದೇ ಸಂಜೆ ಅವಳು ರಾಯಚೂರಿನ ಜಿಲ್ಲಾ ಆರೋಗ್ಯ ಕಚೇರಿಗೆ ಪತ್ರ ಬರೆದು, ಹನ್ನೊಂದನೆಯ ಡೋಸನ್ನು ಏನು ಮಾಡಬೇಕೆಂದು ಮಾರ್ಗದರ್ಶನ ಕೋರಿದಳು.

ಉತ್ತರ ಬರುವವರೆಗೆ ದುರುಗಮ್ಮ ಸುಮ್ಮನಿರಲಿಲ್ಲ. ದಿನಾ ಹತ್ತನೆಯವರನ್ನು ಹುಡುಕಿ ತಂದಳು. ಮುನವ್ವರ್ ಬೀ ತನ್ನ ಆಡುಗಳನ್ನು ನೋಡಿಕೊಳ್ಳುವವರು ಯಾರೆಂದು ಕೇಳಿದಾಗ ತಾನೇ ಅರ್ಧ ದಿನ ಆಡು ಕಾಯ್ದಳು. ಪಕ್ಕದ ಹಳ್ಳಿ ನೀರಮಾನ್ವಿಯ ಒಬ್ಬ ಮುದುಕ ಹೆಂಡತಿ ಮೊದಲು ಹಾಕಿಸಿಕೊಳ್ಳಲಿ ಅಂದ. ಹೆಂಡತಿ ಗಂಡ ಮೊದಲು ಅಂದಳು. ಇಬ್ಬರನ್ನೂ ಎರಡು ಕುರ್ಚಿಯಲ್ಲಿ ಕೂರಿಸಿ ಒಟ್ಟಿಗೇ ಹಾಕಿಸಿದಳು. ದಿನಾ ಸೀಸೆ ತೆರೆಯಿತು. ದಿನಾ ತಳದಲ್ಲಿ ಒಂದಿಷ್ಟು ಉಳಿಯಿತು. ದಿನಾ ಅವಳು ಅದನ್ನು ಮೊಮ್ಮಗನ ಮುಖ ನೋಡಿದ ಹಾಗೆ ನೋಡಿ ಮನೆಗೆ ಹೋದಳು.

ಹದಿನೈದನೆಯ ದಿನ ರಾಯಚೂರಿನಿಂದ ಉತ್ತರ ಬಂತು: "ಸೀಸೆಯಲ್ಲಿ ಹತ್ತು ಡೋಸುಗಳಿರುತ್ತವೆ. ಇಲ್ಲದ ಹನ್ನೊಂದನೆಯ ಡೋಸಿನ ಕುರಿತು ಮಾರ್ಗದರ್ಶನ ಕೋರಿದ್ದೇಕೆ ಎಂದು ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಶಿವಗಂಗಾಳ ಮುಖ ಸಪ್ಪಗಾಯಿತು. ದುರುಗಮ್ಮನಿಗೆ ಕೆಡುಕೆನಿಸಿತು. "ನನ್ನ ಸಲುವಾಗಿ ನಿಮಗ ಬೈಗುಳಾತು. ನಾನ ಹೋಗಿ ಹೇಳಿ ಬರ್ತೀನಿ" ಎಂದು ಮರುದಿನ ರಾಯಚೂರಿನ ಬಸ್ಸು ಹತ್ತಿದಳು. ಅಂಟಿನುಂಡಿಯ ಡಬ್ಬಿ ಕಂಕುಳಲ್ಲೇ ಇತ್ತು. ಎಲ್ಲಿಂದ ಎಲ್ಲಿಗೆ ದಾರಿ ತೆರೆದೀತೆಂದು ಯಾರಿಗೆ ಗೊತ್ತು.

ರಾಯಚೂರಿನ ಕಚೇರಿಯಲ್ಲಿ ಮಲ್ಲಿಕಾ ಎಂಬ ಅಧಿಕಾರಿ ಕಡತಗಳ ಹಿಂದೆ ಕೂತಿದ್ದರು. ದುರುಗಮ್ಮ ನಡೆದದ್ದನ್ನೆಲ್ಲ ಹೇಳಿದಳು. ಮಲ್ಲಿಕಾ ಕೇಳಿಸಿಕೊಂಡು ಗಣಕಯಂತ್ರದಲ್ಲಿ ಏನೋ ನೋಡಿದರು.

"ಮಾನ್ವಿ ಕೇಂದ್ರದಾಗ ಹದಿನೈದು ದಿನದಿಂದ ಒಂದು ಡೋಸೂ ವ್ಯರ್ಥ ಆಗಿಲ್ಲ. ಜಿಲ್ಲಾದಾಗ ಎಲ್ಲೂ ಹಿಂಗಿಲ್ಲ. ಹತ್ತನೇದವರನ್ನ ಕೂಡಿಸಿ ತಂದಾಕಿ ನೀವೇನು?"

"ಹೌದ್ರಿ ಮೇಡಂ."

"ಬಹಳ ಉಪಕಾರ ಆತು. ನೀವು ಹಾಕಿಸಿಕೊಂಡ್ರಿ?"

"ನಾ ಅರ್ಹಳಿಲ್ರಿ."

"ಅದು ಸರಿ" ಎಂದು ಮಲ್ಲಿಕಾ ತಲೆಯಾಡಿಸಿದರು. ಅವರು ಮೆಚ್ಚಿಕೊಂಡದ್ದು ನಿಜ. ಮೆಚ್ಚಿಕೊಂಡದ್ದರಿಂದಲೇ ಅಲ್ಲಿಯೇ ಒಂದು ಆದೇಶ ಟೈಪು ಮಾಡಿಸಿದರು. ಸಿಸ್ಟರಿಗೆ ಸಮಜಾಯಿಷಿ ಕೇಳಿದ ಪತ್ರವನ್ನು ಹಿಂಪಡೆಯಲಾಯಿತು. ಇಲ್ಲದ ಡೋಸಿನ ಬಗ್ಗೆ ಬರೆದ ಪತ್ರವೂ ಬಂದಿಲ್ಲವೆಂದೇ ತಿಳಿಯಲಾಯಿತು. ಆದೇಶದಲ್ಲಿ ಹೀಗಿತ್ತು: "ಮಾನ್ವಿಯ ಶ್ರೀಮತಿ ದುರುಗಮ್ಮ, ಅನರ್ಹರು, ಇವರನ್ನು ಅರ್ಹರನ್ನು ಒದಗಿಸುವ ಸಲುವಾಗಿ ದೇವದುರ್ಗ ಕೇಂದ್ರಕ್ಕೆ ನಿಯೋಜಿಸಿದೆ."

ದೇವದುರ್ಗ ಎಂದು ಕೇಳಿದ ಕೂಡಲೇ ದುರುಗಮ್ಮ ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡು ಎದ್ದಳು. ಉಳಿದದ್ದು ಅವಳಿಗೆ ಕೇಳಿಸಲಿಲ್ಲ. ಇಲಾಖೆಯ ಜೀಪಿನಲ್ಲಿ ಮುಂದಿನ ಸೀಟಿನಲ್ಲೇ ಕೂತು ಹೋದಳು.

ದೇವದುರ್ಗದ ಕೇಂದ್ರದಲ್ಲಿಯೂ ಒಂಬತ್ತು ಜನ ಕೂತಿದ್ದರು. ಅಲ್ಲಿನ ಸಿಸ್ಟರ್ ಮೆಹನಾಜ್ ಅವಳ ಕೈಗೆ ಒಂದು ಪಟ್ಟಿ ಕೊಟ್ಟು, "ಇವ್ರೆಲ್ಲ ಅರ್ಹರು, ಎಷ್ಟು ಸಲ ಕರದ್ರೂ ಬಂದಿಲ್ರಿ" ಎಂದು ಮೊದಲನೆಯ ಹೆಸರನ್ನು ಓದಿದಳು. "ತಾಯಣ್ಣ, ಅರವತ್ತೆರಡು ವರ್ಷ, ನಿವೃತ್ತ ಅಧೀಕ್ಷಕರು."

ದುರುಗಮ್ಮ ಇನ್ನೊಮ್ಮೆ ಓದಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ನಡೆದಳು.

ತಾಯಣ್ಣ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಬೀಗತಿಯನ್ನು ಕಂಡು ಎದ್ದು ಕೈಮುಗಿದರು. "ಬರ್ರಿ ಬೀಗತಿ. ಅಂದ್ರ, ಅಲ್ಲೇ ನಿಂದರ್ರಿ. ಲಸಿಕಿ ಆತೇನು?"

"ನಂದಾಗಿಲ್ರಿ ಬೀಗರ. ನಿಮ್ಮ ಸಲುವಾಗಿ ಬಂದೀನಿ" ಎಂದು ದುರುಗಮ್ಮ ಪಟ್ಟಿ ಮುಂದೆ ಹಿಡಿದಳು.

ತಾಯಣ್ಣ ಕನ್ನಡಕ ಹಾಕಿಕೊಂಡು ಓದಿದರು. ಮೊದಲು ಹೆಸರು ಸರಿಯಿದೆಯೇ ನೋಡಿದರು, ಆಮೇಲೆ ವಯಸ್ಸು, ಆಮೇಲೆ ಕೆಳಗಿನ ಸಹಿ. ದೋಷ ಯಾವುದೂ ಸಿಗಲಿಲ್ಲ. "ನಂದು ಪರಿಶೀಲನೆದಾಗ ಅದ ರೀ" ಅಂದರು. ಮತ್ತೆ ದನಿ ಇಳಿಸಿ, "ಖರೆ ಹೇಳಬೇಕಂದ್ರ, ನನಗ ಸೂಜಿ ಅಂದ್ರ ಸಣ್ಣಂದಿನಿಂದ ಆಗಂಗಿಲ್ಲ" ಅಂದರು.

ಅಷ್ಟರಲ್ಲಿ ಅವ್ವನ ದನಿ ಕೇಳಿ ಶಶಿಕಲಾ ಕೂಸನ್ನು ಎತ್ತಿಕೊಂಡು ನಡುಮನೆಗೆ ಬಂದಿದ್ದಳು. ಅವಳು ಏನೂ ವಾದ ಮಾಡಲಿಲ್ಲ. ಬಾಗಿಲಿಗೆ ಅಂಟಿಸಿದ ಹಾಳೆಯನ್ನು ಕೊನೆಯ ಸಾಲಿನವರೆಗೂ ಮೆಲ್ಲಗೆ ಓದಿದಳು: "ಲಸಿಕೆ ಹಾಕಿಸಿಕೊಳ್ಳದ ಯಾವುದೇ ವ್ಯಕ್ತಿಗೆ ಹೊಸ್ತಿಲಿನಿಂದ ಒಳಗೆ ಪ್ರವೇಶವಿರುವುದಿಲ್ಲ. ಹಾಕಿಸಿಕೊಂಡವರು ಪ್ರಮಾಣಪತ್ರದ ದಿನಾಂಕದಿಂದ ಹದಿನಾಲ್ಕು ದಿನ ಕಾಯತಕ್ಕದ್ದು." ಆಮೇಲೆ, "ಮಾವಾರ, ಕೆಳಗಿನ ಸಹಿ ನಿಮ್ಮದ ಅದ" ಅಂದಳು.

ಬೇರೆಯವರಾಗಿದ್ದರೆ ಹಾಳೆ ಹರಿಯುತ್ತಿದ್ದರು. ತಾಯಣ್ಣ ಅಂಥವರಲ್ಲ. ಮೂವತ್ತನಾಲ್ಕು ವರ್ಷದಲ್ಲಿ ತಮಗೊಂದು, ಊರಿಗೊಂದು ಎಂದು ನಿಯಮ ತಿರುಚಿದವರಲ್ಲ. ಹಾಳೆಯನ್ನು ತಾವೂ ಒಮ್ಮೆ ಓದಿಕೊಂಡರು. ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಬಂದು ನಿಂತರು.

"ಹತ್ತನೇದವರಿಲ್ಲದ ಒಂಬತ್ತು ಮಂದಿ ಕುಂತಾರ್ರೀ ಬೀಗರ" ಅಂದಳು ದುರುಗಮ್ಮ. "ಸೂಜಿ ಹಾಕೋವಾಗ ನಾ ಬಾಜೂಕ ನಿಂದರ್ತೀನಿ."

ಅವಳು ಹೇಳಿದಂತೆ ನಿಂತಳು. ಮೆಹನಾಜ್ ಸೂಜಿ ತೆಗೆಯುವಷ್ಟರಲ್ಲಿ ತಾಯಣ್ಣನವರ ಬಾಯಿಗೆ ಒಂದು ಅಂಟಿನುಂಡಿ ಇಟ್ಟಳು. ಅವರು ಅದನ್ನು ಅಗಿದು ನುಂಗುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಬೆಲ್ಲ ಹದವಾಗ್ಯದ" ಎಂದಷ್ಟೇ ಅಂದರು.

ಮೆಹನಾಜ್ ಸೀಸೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಉಳಿದಿತ್ತು. ಮೂವರೂ ನೋಡಿದರು.

"ಇದು ಯಾರಿಗೆ?" ಎಂದು ತಾಯಣ್ಣ ಕೇಳಿದರು.

"ಇದು ಇಲ್ರಿ ಸರ್" ಅಂದಳು ಮೆಹನಾಜ್. "ದಾಖಲೆದಾಗ ಹತ್ತೇ."

"ಬೀಗತಿಗೆ ಯಾಕ ಹಾಕಿಲ್ಲ?"

"ಅವ್ರೂ ಪಟ್ಟಿದಾಗ ಇಲ್ರಿ."

ತಾಯಣ್ಣ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಬಹಳ ದಿನದ ಮೇಲೆ ಅವರಿಗೊಂದು ಒಳ್ಳೆಯ ಕಡತ ಸಿಕ್ಕಂತಾಗಿತ್ತು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮೇಜಿನ ಮೇಲಿದ್ದ ಹಾಳೆಯೊಂದರಲ್ಲಿ ಬರೆದರು: "ಸದರಿ ಡೋಸು ದಾಸ್ತಾನಿನಲ್ಲಿಲ್ಲ. ಸದರಿ ಮಹಿಳೆಯು ಪಟ್ಟಿಯಲ್ಲಿಲ್ಲ. ಇಲ್ಲದ ಡೋಸನ್ನು ಪಟ್ಟಿಯಲ್ಲಿಲ್ಲದವರಿಗೆ ನೀಡಿದಲ್ಲಿ ದಾಸ್ತಾನಿಗಾಗಲಿ ಪಟ್ಟಿಗಾಗಲಿ ಯಾವುದೇ ವ್ಯತ್ಯಾಸವಾಗುವುದಿಲ್ಲ. ಆದುದರಿಂದ ಅನುಮತಿಯ ಅಗತ್ಯ ಕಂಡುಬರುವುದಿಲ್ಲ."

ಮೆಹನಾಜ್ ಎರಡು ಸಲ ಓದಿದಳು. ಅವಳ ಮುಖದ ಗಂಟು ಬಿಚ್ಚಿತು. "ಇದನ್ನ ಮೊದಲ ಯಾರಾರ ಹೇಳಬೇಕಿಲ್ಲೇನ್ರೀ. ದಿನಾ ಚೆಲ್ಲಾಕ ನನಗೂ ಹೊಟ್ಟಿ ಉರೀತಿತ್ತು" ಎಂದು ಹೊಸ ಸಿರಿಂಜು ಬಿಚ್ಚಿದಳು.

ದುರುಗಮ್ಮ ತೋಳು ಚಾಚಿ ಕೂತಳು. ಸೂಜಿ ಹೋಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಬೇರೆ ಕಾರಣಕ್ಕೆ.

ಮನೆಯ ಮುಂದೆ ಬಂದಾಗ ಇನ್ನೊಂದು ಪ್ರಶ್ನೆ ಎದ್ದಿತು: ಹದಿನಾಲ್ಕು ದಿನ. ತಾಯಣ್ಣ ಕಟ್ಟೆಯ ಮೇಲೆ ಕೂತು ಅದನ್ನೂ ಬಗೆಹರಿಸಿದರು. ಹದಿನಾಲ್ಕು ದಿನವನ್ನು ಪ್ರಮಾಣಪತ್ರದ ದಿನಾಂಕದಿಂದ ಎಣಿಸಬೇಕು. ತಮಗೆ ಪ್ರಮಾಣಪತ್ರ ಬಂದಿದೆ, ಆದ್ದರಿಂದ ತಾವು ಕಾಯಬೇಕು. ಬೀಗತಿಗೆ ಪ್ರಮಾಣಪತ್ರವೇ ಇಲ್ಲ. ಎಣಿಸಲು ದಿನಾಂಕವಿಲ್ಲದ್ದರಿಂದ ಕಾಯುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಆದರೆ ಲಸಿಕೆಯಂತೂ ಆಗಿದೆ, ಅದನ್ನು ತಾವೇ ಕಣ್ಣಾರೆ ಕಂಡಿದ್ದಾರೆ.

"ಒಳಗ ಹೋಗ್ರಿ ಬೀಗತಿ. ಮಾಸ್ಕ್ ತಗೀಬ್ಯಾಡ್ರಿ" ಅಂದರು.

ದುರುಗಮ್ಮ ಕೈಕಾಲು ತೊಳೆದು ಒಳಗೆ ಹೋದಳು. ಕೂಸು ಇಡಿಯಾಗಿ ಇತ್ತು. ಎರಡು ಕಿವಿ, ಎರಡು ಹಿಮ್ಮಡಿ, ನಡುವೆ ಫೋನಿನಲ್ಲಿ ಎಂದೂ ಬಾರದ ಹೊಟ್ಟೆ. ಅವಳು ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ಶಶಿಕಲಾ ಹೆಚ್ಚುಕಡಿಮೆ ನಾಲ್ಕು ವಾರದ ನಂತರ ಮೊದಲ ಸಲ ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು.

ಹೊರಗೆ ತಾಯಣ್ಣನವರಿಗೆ ಹಾಸಿಗೆ, ಸೊಳ್ಳೆಪರದೆ, ನೀರಿನ ತಂಬಿಗೆ ಬಂದವು. ಓಣಿಯವರು ಮೊದಲನೆಯ ದಿನ ಯಾಕೆಂದು ಕೇಳಿದರು. ಕಾರಣ ಕೇಳಿ, ಹೌದು, ಅದು ನ್ಯಾಯ ಎಂದು ಹೋದರು. ಮೂರನೆಯ ದಿನದಿಂದ ಜನ ಅರ್ಜಿ ಬರೆಸಿಕೊಳ್ಳಲು ಅಲ್ಲಿಗೇ ಬರತೊಡಗಿದರು; ಕಟ್ಟೆಯ ಮೇಲೆ ಅವರು ಸಿಗುವುದು ಸುಲಭವಾಗಿತ್ತು. ಪೋಸ್ಟಿನವನು ಪತ್ರಗಳನ್ನು ಬಾಗಿಲಿಗೆ ಕೊಡುವುದು ಬಿಟ್ಟು ಕಟ್ಟೆಗೇ ಕೊಡತೊಡಗಿದ.

ಸಂಜೆ ಹೊತ್ತು ದುರುಗಮ್ಮ ಮೊಮ್ಮಗನನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿಯುತ್ತಿದ್ದಳು. ತಾಯಣ್ಣ ಮೂರು ಗಜ ದೂರ ನಿಂತು ನೋಡುತ್ತಿದ್ದರು. ಐದನೆಯ ದಿನ ಕೂಸು ಅವರ ಕಡೆ ತಿರುಗಿ ಬಾಯಿ ಅಗಲಿಸಿತು. ಅದು ನಗುವೋ ಆಕಳಿಕೆಯೋ ತಿಳಿಯುವಷ್ಟರಲ್ಲಿ ಎಣ್ಣೆ ನೀರಿನ ಹೊತ್ತಾಯಿತೆಂದು ದುರುಗಮ್ಮ ಕಿಟಕಿಯಿಂದ ಸರಿದಳು.

"ಬೀಗತಿ, ಇನ್ನೊಂದು ಐದು ನಿಮಿಷ" ಅಂದರು ತಾಯಣ್ಣ.

"ಬರದು ಕೊಡ್ರಿ ಬೀಗರ."

ತಾಯಣ್ಣ ಕೂಡಲೇ ಕೂತು ಬರೆದು, ಸಹಿ ಮಾಡಿ, ಕಿಟಕಿಯ ಸರಳಿನಲ್ಲಿ ತೂರಿಸಿದರು. ಓದು ಬಾರದ ದುರುಗಮ್ಮ ಅರ್ಜಿಯ ಎರಡೂ ಮಗ್ಗಲು ತಿರುಗಿಸಿ ನೋಡಿದಳು. ಕ್ರಮಬದ್ಧವಾಗಿಯೇ ಇದ್ದಂತೆ ಕಂಡಿತು. ಅದನ್ನು ಮಡಚಿ ತೊಟ್ಟಿಲ ಹಾಸಿಗೆಯ ಕೆಳಗಿಟ್ಟು, ಕೂಸನ್ನು ಇನ್ನೊಮ್ಮೆ ಕಿಟಕಿಗೆ ತಂದು ಹತ್ತು ನಿಮಿಷ ಹಿಡಿದು ನಿಂತಳು.