ಮಾದರಿ ಮನೆಯ ಒಳಕೋಣೆಯ ಬಾಗಿಲು

ಇಂದ: ಕಸ ಗುಡಿಸುವ ಹುಡುಗಿ, ಮಾದರಿ ಮನೆ, ಕೆಳ ಅಂತಸ್ತು.
ಗೆ: ದೊಡ್ಡ ಸಾಹೇಬರು, ವಸತಿ ಕಚೇರಿ, ಮೇಲಂತಸ್ತು.
ವಿಷಯ: ಮಾದರಿ ಮನೆಯ ಮಲಗುವ ಕೋಣೆಯ ಬಾಗಿಲನ್ನು, ನಮಗೆ ಮನೆ ಸಿಗುವವರೆಗೆ, ಎರವಲು ಕೊಡುವ ಕುರಿತು.
ಉಲ್ಲೇಖ: ತಾವು ಮೆಟ್ಟಿಲು ಹತ್ತುವಾಗ ನಾನು ಕೇಳಿದ್ದು, ತಾವು "ಬರೆದು ಕೊಡಮ್ಮ" ಎಂದದ್ದು.

ಮಾನ್ಯರೇ,

ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಆ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತಿಕ್ಕಿ, ಚಿಲಕಕ್ಕೆ ಒಂದು ಹನಿ ಎಣ್ಣೆ ಬಿಡುತ್ತೇನೆ. ಅದು ಸದ್ದು ಮಾಡುವುದಿಲ್ಲ. ಬಡವರಿಗೆ ಕಟ್ಟಲಿರುವ ಮನೆ ಹೀಗಿರುತ್ತದೆ ಎಂದು ತೋರಿಸಲು ತಾವು ಕಟ್ಟಿಸಿಟ್ಟ ಮನೆ ಅದು. ಬಂದವರು ಬಾಗಿಲು ತಟ್ಟಿ, ಗಟ್ಟಿಯಾಗಿದೆ ಎಂದು ಮೆಚ್ಚಿ ಹೋಗುತ್ತಾರೆ. ಯಾರೂ ಅದನ್ನು ಮುಚ್ಚಿದ್ದನ್ನು ನಾನು ಕಂಡಿಲ್ಲ. ನಮಗೆ ಮುಚ್ಚುವ ಅಗತ್ಯವಿದೆ. ಕಾರಣಗಳು:

೧. ನಮ್ಮದು ಒಂದೇ ಕೋಣೆ. ಅಮ್ಮ, ನಾನು, ಅಣ್ಣ, ಹೊಸದಾಗಿ ಬಂದ ಅತ್ತಿಗೆ. ನಡುವೆ ಹಳೆಯ ಹೊದಿಕೆಯೊಂದನ್ನು ಕಟ್ಟಿದ್ದೇವೆ. ಅದು ಕಣ್ಣಿಗೆ ಮರೆ, ಕಿವಿಗಲ್ಲ.

೨. ಆದಕಾರಣ ಊಟವಾದ ಮೇಲೆ ಅಮ್ಮನೂ ನಾನೂ ಗಾಳಿಗೆಂದು ಹೊರಗೆ ಕೂರುತ್ತಿದ್ದೆವು. ಚಳಿಯಲ್ಲೂ ಗಾಳಿಗೇ ಕೂರುತ್ತಿದ್ದೆವು. ಒಳಗೆ ಹೋಗುವ ಮುನ್ನ ಅಮ್ಮ ಜೋರಾಗಿ ಕೆಮ್ಮುತ್ತಿದ್ದಳು. ಪಕ್ಕದ ಮನೆಯ ದರ್ಜಿ ಕನಿಕರಪಟ್ಟು ಕೆಮ್ಮಿನ ಔಷಧಿ ತಂದುಕೊಟ್ಟಿದ್ದಾರೆ. ನಿಜ ಹೇಳಲಾಗದೆ ಅಮ್ಮ ಅದನ್ನು ಕುಡಿಯುತ್ತಿದ್ದಾಳೆ.

೩. ಹೋದ ವಾರ ಅತ್ತಿಗೆ ಬಟ್ಟೆ ಮಡಚಿಕೊಂಡು ತವರಿಗೆ ಹೊರಟರು. ಜಗಳವೇನೂ ಇಲ್ಲ. ಹೊಸಿಲಲ್ಲಿ ನಿಂತು, "ಅತ್ತೆ, ನಿಮ್ಮ ಮೇಲೆ ಕೋಪ ಇಲ್ಲ. ಒಂದು ಬಾಗ್ಲು ಹಾಕ್ಸಿ, ಬರ್ತೀನಿ," ಅಂದರು.

"ಗೋಡೆನೇ ಇಲ್ಲ, ಬಾಗ್ಲು ಎಲ್ಲಿ ಹಾಕ್ಸಲಿ ಹೇಳು?" ಎಂದ ಅಣ್ಣ. ನಗಿಸಲು ಅಂದದ್ದು. ಅತ್ತಿಗೆ ನಗಲಿಲ್ಲ. ಅಣ್ಣ ಈಗ ಅರ್ಧ ಊಟಕ್ಕೇ ಏಳುತ್ತಾನೆ.

೪. ಮನೆ ಕೋರಿದ ನಮ್ಮ ಅರ್ಜಿ ಅಪ್ಪ ಬದುಕಿದ್ದಾಗಿನಿಂದ ತಮ್ಮಲ್ಲಿದೆ. ಮನೆ ಕಮ್ಮಿ, ಜನ ಜಾಸ್ತಿ ಎಂದು ಗುಮಾಸ್ತರು ತಿಳಿಸಿದ್ದಾರೆ. ಅವರ ಮೇಲೆ ದೂರಿಲ್ಲ. ಅವರದೂ ಒಂದು ಅರ್ಜಿ ಅದೇ ಕಟ್ಟಿನಲ್ಲಿದೆಯಂತೆ.

ಆದ್ದರಿಂದ ಸದರಿ ಬಾಗಿಲನ್ನು ಕೊಡಿಸಬೇಕಾಗಿ ಕೋರಿಕೆ. ಸದ್ಯಕ್ಕೆ ಬೀರುವಿಗೂ ಪೆಟ್ಟಿಗೆಗೂ ನಡುವೆ ನಿಲ್ಲಿಸಿಕೊಳ್ಳುತ್ತೇವೆ. ಗೋಡೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು. ಬಾಗಿಲಿಲ್ಲದೆ ಮಾದರಿ ಮನೆ ಬೋಳಾಗಿ ಕಂಡರೆ ನಮ್ಮ ಹೊದಿಕೆಯನ್ನು ಒಗೆದು ಅಲ್ಲಿ ಕಟ್ಟುತ್ತೇನೆ. ಮಾದರಿ ಇನ್ನಷ್ಟು ಸರಿಯಾಗುತ್ತದೆ.

ತಮ್ಮ ಕಣ್ಣಿಗೆ ಅಷ್ಟಾಗಿ ಬೀಳದ ವಿಶ್ವಾಸಿ,
ಕಸ ಗುಡಿಸುವ ಹುಡುಗಿ

ಅಡಕ: ಹೊದಿಕೆಯ ಅಂಚಿನ ಚೂರು, ಒಂದು (ಗೋಡೆಯ ಬಣ್ಣಕ್ಕೆ ಒಪ್ಪುವುದೋ ನೋಡಲು).

ವಿ.ಸೂ.: ಈ ಅರ್ಜಿಯನ್ನು ತಮ್ಮ ಮೇಜಿನ ಮೇಲೆ ಇಡುತ್ತಿರುವುದು ಇದು ಎರಡನೆಯ ಸಲ. ಭಾನುವಾರ ಅತ್ತಿಗೆಯನ್ನು ಕರೆಯಲು ನಾನೇ ಹೋಗುತ್ತಿದ್ದೇನೆ. ದಯವಿಟ್ಟು ಅಷ್ಟರೊಳಗೆ ಬಾಗಿಲು ಕೊಡಿ.